ಮನಸುನ ಮನಸೈ ಬರೆದ ಶ್ರೀಶ್ರೀ, ಮಹಾಪ್ರಸ್ಥಾನ ಬರೆದ ಶ್ರೀಶ್ರೀ

ಪ್ರಶ್ನೆ: ನಾನು ಬಳ್ಳಾರಿಯವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಅರ್ಧಕ್ಕರ್ಧ ತೆಲುಗು. ಚಿಕ್ಕಂದಿನಿಂದ 'ಮನಸುನ ಮನಸೈ' ಹಾಡು ಕೇಳಿಕೊಂಡು ಬೆಳೆದೆ. ಅದನ್ನು ಬರೆದವರು ಶ್ರೀಶ್ರೀ ಅಂತ ಈಚೆಗೆ ಗೊತ್ತಾಯಿತು. ಅದೇ ಶ್ರೀಶ್ರೀ 'ಮಹಾಪ್ರಸ್ಥಾನ' ಬರೆದ ಕ್ರಾಂತಿಕವಿ ಅಂತಾರೆ. ಅಷ್ಟು ಮೆತ್ತನೆಯ ಪ್ರೇಮಗೀತೆ, ಅಷ್ಟು ಬೆಂಕಿಯ ಕವಿತೆ ಒಬ್ಬರೇ ಬರೆದದ್ದಾ? ಸಿನಿಮಾ ಹಾಡು ಹೊಟ್ಟೆಪಾಡಿಗೆ ಬರೆದದ್ದು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು ಅಂತ ನನ್ನ ಸ್ನೇಹಿತರು ಹೇಳುತ್ತಾರೆ. ನಿಜವಾ? ತೆಲುಗು ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಹೌದು, ಒಬ್ಬರೇ. ಶ್ರೀರಂಗಂ ಶ್ರೀನಿವಾಸರಾವು. ಎರಡು ಶ್ರೀಗಳನ್ನು ಸೇರಿಸಿ ಶ್ರೀಶ್ರೀ. ನಿಮ್ಮ ಸ್ನೇಹಿತರ ಮಾತು ಅರ್ಧ ಸರಿ. ಸಿನಿಮಾ ಅವರಿಗೆ ಅನ್ನ ಕೊಟ್ಟಿತು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ 'ಲೆಕ್ಕಕ್ಕೆ ಇಟ್ಟುಕೊಳ್ಳಬಾರದು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕವಿತೆ ಬರೆದ ಕಿವಿಯೇ ಆ ಹಾಡುಗಳನ್ನೂ ಬರೆಯಿತು. ಇದನ್ನು ಸುಮ್ನೆ ಅಭಿಮಾನದಿಂದ ಹೇಳುತ್ತಿಲ್ಲ. ಬೆರಳು ಮಡಚಿ ಎಣಿಸಿ ತೋರಿಸಬಹುದು.

ನಿಮಗೆ ಗೊತ್ತಿರುವ ಹಾಡಿನಿಂದಲೇ ಶುರು ಮಾಡೋಣ. 'ಮನಸುನ ಮನಸೈ' ಇರುವುದು 1964ರ 'ಡಾಕ್ಟರ್ ಚಕ್ರವರ್ತಿ' ಚಿತ್ರದಲ್ಲಿ. ಸಂಗೀತ ಸಾಲೂರಿ ರಾಜೇಶ್ವರರಾವು, ದನಿ ಘಂಟಸಾಲ. ಮನಸ್ಸಲ್ಲಿ ಮನಸ್ಸಾಗಿ, ಬದುಕಲ್ಲಿ ಬದುಕಾಗಿ ಜೊತೆಗೊಬ್ಬರು ಇದ್ದರೆ ಅದೇ ಭಾಗ್ಯ ಅನ್ನುವ ಹಾಡು. ಶಾಲೆಯಲ್ಲಿ ಲಘು ಗುರು ಹಾಕಿದ್ದು ನೆನಪಿದೆಯಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈಗ ಎಣಿಸಿ. ಮ-ನ-ಸು-ನ, ನಾಲ್ಕು. ಮ-ನ-ಸೈ, ನಾಲ್ಕು. ಮುಂದೆ ಬರುವ 'ಬ್ರತುಕುನ ಬ್ರತುಕೈ' ಕೂಡ ನಾಲ್ಕು, ನಾಲ್ಕು.

ಇನ್ನು 'ಮಹಾಪ್ರಸ್ಥಾನ'ಕ್ಕೆ ಬನ್ನಿ. ಪುಸ್ತಕಕ್ಕೆ ಹೆಸರು ಕೊಟ್ಟ ಕವಿತೆಯನ್ನು ಶ್ರೀಶ್ರೀ ಬರೆದದ್ದು 1934ರಲ್ಲಿ. ಅದು ಶುರುವಾಗುವುದು 'ಮರೋ ಪ್ರಪಂಚಂ' ಎಂದು, ಮೂರು ಸಲ. ಇನ್ನೊಂದು ಪ್ರಪಂಚ ಕರೆಯುತ್ತಿದೆ, ನಡೀರಿ ಮುಂದಕ್ಕೆ ಅನ್ನುವ ಕೂಗು. ಮ-ರೋ-ಪ್ರ: ಒಂದು, ಎರಡು, ಒಂದು. ನಾಲ್ಕು ಮಾತ್ರೆ. ಪಂ-ಚಂ: ಎರಡು, ಎರಡು. ಮತ್ತೆ ನಾಲ್ಕು. ಆಮೇಲೆ 'ಪದಂಡಿ ಮುಂದುಕು': ಪ-ದಂ-ಡಿ ನಾಲ್ಕು, ಮುಂ-ದು-ಕು ನಾಲ್ಕು.

ಗಮನಿಸಿದಿರಾ? ಪ್ರೇಮಗೀತೆಯೂ ಅದೇ ನಾಲ್ಕು ಮಾತ್ರೆಯ ಗಣ, ಮೆರವಣಿಗೆಯ ಕವಿತೆಯೂ ಅದೇ ನಾಲ್ಕು. ಹಾಗಾದರೆ ಒಂದು ಮೆತ್ತಗೆ, ಇನ್ನೊಂದು ನುಗ್ಗುವಂತೆ ಕೇಳುವುದು ಯಾಕೆ? ಗುಟ್ಟು ಗಣದ ಒಳಗೆ ಇದೆ. 'ಮನಸುನ'ದಲ್ಲಿ ನಾಲ್ಕೂ ಲಘು, ಎಲ್ಲೂ ತೂಕ ಬೀಳುವುದಿಲ್ಲ, ನೀರಿನ ಹಾಗೆ ಹರಿಯುತ್ತದೆ. 'ಮರೋಪ್ರ', 'ಪದಂಡಿ' ಎರಡರಲ್ಲೂ ತೂಕ ಮಧ್ಯದಲ್ಲಿ. ಲಘು, ಗುರು, ಲಘು. ಅಂದರೆ ಜಗಣ. ಕಂದ ಪದ್ಯದ ನಿಯಮ ಓದಿದವರಿಗೆ ಗೊತ್ತು, ಬೆಸ ಜಾಗದಲ್ಲಿ ಜಗಣ ಬರಬಾರದು. ಓಟಕ್ಕೆ ಅಡ್ಡ ಬರುತ್ತದೆ ಅಂತ ಹಳಬರು ಅದನ್ನು ದೂರ ಇಟ್ಟರು. ಶ್ರೀಶ್ರೀ ಅದನ್ನೇ ತಂದು ಸಾಲಿನ ಮೊದಲಲ್ಲೇ ಕೂರಿಸಿದರು. ಪ್ರತಿ ಹೆಜ್ಜೆಗೂ ಒಂದು ತಳ್ಳು ಸಿಗುತ್ತದೆ. ಅರ್ಥ ಗೊತ್ತಿಲ್ಲದವರಿಗೂ ಎದ್ದು ನಡೆಯಬೇಕು ಅನ್ನಿಸುವುದು ಅದರಿಂದಲೇ.

ಇಂಥ ಕಿವಿ ಅವರಿಗೆ ಎಲ್ಲಿಂದ ಬಂತು? ಸ್ವಲ್ಪ ಹಿಂದೆ ಹೋಗಬೇಕು.

ಶ್ರೀಶ್ರೀ ಹುಟ್ಟಿದ್ದು 1910ರಲ್ಲಿ, ವಿಶಾಖಪಟ್ಟಣದಲ್ಲಿ. ಹುಟ್ಟಿದ ಮನೆತನ ಪೂಡಿಪೆದ್ದಿ. ಶ್ರೀರಂಗಂ ಮನೆಗೆ ದತ್ತು ಹೋದದ್ದರಿಂದ ಆ ಹೆಸರು. 18ನೇ ವಯಸ್ಸಿಗೇ, 1928ರಲ್ಲಿ, 'ಪ್ರಭವ' ಎಂಬ ಪದ್ಯಗಳ ಪುಸ್ತಕ ಬಂತು. ಅದು ಪೂರ್ತಿ ಹಳೆಯ ಛಂದಸ್ಸಿನದು. ವೃತ್ತಗಳನ್ನು ಚೆನ್ನಾಗಿ ಅರಗಿಸಿಕೊಂಡ ಹುಡುಗ ಅಂತ ಓದಿದರೆ ತಿಳಿಯುತ್ತದೆ. ಮದ್ರಾಸಿನಲ್ಲಿ ಬಿ.ಎ. ಮುಗಿಸಿದರು, ಪ್ರಾಣಿಶಾಸ್ತ್ರ ಅವರ ವಿಷಯ. ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್, ಆಮೇಲೆ 'ಆಂಧ್ರಪ್ರಭ' ಪತ್ರಿಕೆಯಲ್ಲಿ ಉಪಸಂಪಾದಕ, ಆಮೇಲೆ ಆಕಾಶವಾಣಿ. ಯಾವ ಕೆಲಸದಲ್ಲೂ ಜಾಸ್ತಿ ದಿನ ನಿಲ್ಲಲಿಲ್ಲ.

ಆ ಕಾಲದ ತೆಲುಗಿನಲ್ಲಿ ಭಾವಕವಿತ್ವದ ಅಲೆ ಜೋರಾಗಿತ್ತು. ದೇವುಲಪಲ್ಲಿ ಕೃಷ್ಣಶಾಸ್ತ್ರಿ ಅದರ ದೊಡ್ಡ ಹೆಸರು. ವಿರಹ, ಕಣ್ಣೀರು, ಬೆಳದಿಂಗಳು. ಶ್ರೀಶ್ರೀ ಕೂಡ ಮೊದಲು ಅದರಲ್ಲೇ ಮುಳುಗಿದ್ದರು. ಅವರನ್ನು ಅಲ್ಲಿಂದ ಎತ್ತಿದ್ದು ಗುರಜಾಡ ಅಪ್ಪಾರಾವು. ಗುರಜಾಡ 1910ರಲ್ಲಿ 'ಮುತ್ಯಾಲ ಸರಾಲು' ಅನ್ನುವ ಹೊಸ ಬಗೆಯ ಪದ್ಯ ಬರೆದರು. ಆಡುಮಾತು, ಹಗುರವಾದ ಮಾತ್ರಾ ಛಂದಸ್ಸು. ನನಗೆ ದಾರಿ ತೋರಿಸಿದವರು ಗುರಜಾಡ ಅಂತ ಶ್ರೀಶ್ರೀ ಜೀವನಪೂರ್ತಿ ಹೇಳಿದರು. ತೆಲುಗಿನಲ್ಲಿ 'ಕವಿತ್ರಯ' ಅಂದರೆ ಮಹಾಭಾರತ ಬರೆದ ನನ್ನಯ, ತಿಕ್ಕನ, ಎರ್ರನ. ಶ್ರೀಶ್ರೀ ಅದನ್ನೇ ಬದಲಾಯಿಸಿ, ನನ್ನ ಕವಿತ್ರಯ ತಿಕ್ಕನ, ವೇಮನ, ಗುರಜಾಡ ಅಂದರು.

ಕನ್ನಡಿಗರಿಗೆ ಇಲ್ಲೊಂದು ಸಂತೋಷದ ಸಂಗತಿ ಇದೆ. ಮುತ್ಯಾಲ ಸರದ ನಡೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ನಮ್ಮ ಭಾಮಿನಿ ಷಟ್ಪದಿಯ ನಡೆಯೂ ಅದೇ! ಕುಮಾರವ್ಯಾಸನ 'ವೇದಪುರುಷನ ಸುತನ ಸುತನ ಸ' ಹೇಳಿಕೊಳ್ಳಿ. ವೇದ ಮೂರು, ಪುರುಷನ ನಾಲ್ಕು, ಸುತನ ಮೂರು, ಸುತನಸ ನಾಲ್ಕು. ಈಗ ಶ್ರೀಶ್ರೀ 1933ರಲ್ಲಿ ಬರೆದ 'ಜಯಭೇರಿ'ಯ ಮೊದಲ ಸಾಲು ಹೇಳಿ ನೋಡಿ: 'ನೇನು ಸೈತಂ ಪ್ರಪಂಚಾಗ್ನಿಕಿ'. ನೇನು ಮೂರು, ಸೈತಂ ನಾಲ್ಕು, ಪ್ರಪಂ ಮೂರು, ಚಾಗ್ನಿಕಿ ನಾಲ್ಕು. ಗದುಗಿನ ಭಾರತ ವಾಚನ ಕೇಳಿ ಬೆಳೆದವರು ಈ ಸಾಲನ್ನು ಅದೇ ಧಾಟಿಯಲ್ಲಿ ಹಾಡಿಬಿಡಬಹುದು. ಪ್ರಪಂಚದ ಬೆಂಕಿಗೆ ನಾನೂ ಒಂದು ಸಮಿಧೆ ಹಾಕಿದೆ, ಪ್ರಪಂಚದ ಮಳೆಗೆ ನಾನೂ ಒಂದು ಕಣ್ಣೀರ ಹನಿ ಸೇರಿಸಿದೆ ಅನ್ನುತ್ತ ಶುರುವಾಗಿ, ಕವಿತೆ ಮುಂದೆ ಹೋದ ಹಾಗೆ ದನಿ ಏರುತ್ತ ಹೋಗುತ್ತದೆ.

ಈ ಸಾಲಿಗೆ ಸಿನಿಮಾದಲ್ಲಿ ಎರಡನೇ ಜೀವ ಬಂತು. 2003ರ 'ಠಾಗೂರ್' ಚಿತ್ರದಲ್ಲಿ ಸುದ್ದಾಲ ಅಶೋಕ್ ತೇಜ ಇದನ್ನೇ ಎತ್ತಿಕೊಂಡು ಹಾಡು ಕಟ್ಟಿದರು. ಆ ಹಾಡಿಗೆ ಅತ್ಯುತ್ತಮ ಗೀತರಚನೆಗೆ ರಾಷ್ಟ್ರಪ್ರಶಸ್ತಿ ಬಂತು. 70 ವರ್ಷ ಹಳೆಯ ಕವಿತೆಯ ಸಾಲು ಚಿರಂಜೀವಿ ಚಿತ್ರದಲ್ಲಿ ಥಿಯೇಟರ್ ತುಂಬ ಕೇಳಿಸಿತು. ಕವಿತೆ ಬೇರೆ, ಸಿನಿಮಾ ಬೇರೆ ಅನ್ನುವವರು ಇದನ್ನೂ ಯೋಚಿಸಬೇಕು.

'ಮಹಾಪ್ರಸ್ಥಾನ' ಪುಸ್ತಕವಾಗಿ ಬಂದದ್ದು 1950ರಲ್ಲಿ. ಕವಿತೆಗಳು ಮಾತ್ರ ಬಹುಪಾಲು 1930ರ ದಶಕದವು. ಅಷ್ಟು ಹೊತ್ತಿಗೆ ಹುಡುಗರಿಗೆಲ್ಲ ಬಾಯಿಪಾಠ ಆಗಿದ್ದವು. ಸಣ್ಣ ವಯಸ್ಸಿಗೇ ತೀರಿಕೊಂಡ ಗೆಳೆಯ, ಬರಹಗಾರ ಕೊಂಪೆಲ್ಲ ಜನಾರ್ದನರಾವು ಅವರಿಗೆ ಪುಸ್ತಕ ಅರ್ಪಣೆಯಾಗಿದೆ. ಆ ಅರ್ಪಣೆಯ ಕವಿತೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಘೋಷಣೆ ಕೂಗುವ ಕವಿ ಅಂತ ಶ್ರೀಶ್ರೀ ಬಗ್ಗೆ ಹೇಳುವವರು ಅದನ್ನು ಓದಿಲ್ಲ ಅಂತಲೇ ನನ್ನ ಭಾವನೆ. ಗೆಳೆಯ ಹೋದ ಮೇಲೂ ಲೋಕ ತನ್ನ ಪಾಡಿಗೆ ತಾನು ನಡೆಯುತ್ತಿದೆ ಅನ್ನುವ ಸಿಟ್ಟು, ಸಂಕಟ ಅದರಲ್ಲಿ ಇದೆ. ಇನ್ನು ಮುನ್ನುಡಿ ಬರೆದವರು ತೆಲುಗು ಕಥೆಗಾರ ಚಲಂ. ಅದಕ್ಕೆ 'ಯೋಗ್ಯತಾಪತ್ರಂ' ಅಂತ ಹೆಸರು. ಕೃಷ್ಣಶಾಸ್ತ್ರಿಯ ನೋವು ಲೋಕದ ನೋವಾಗುತ್ತದೆ, ಲೋಕದ ನೋವೆಲ್ಲ ಶ್ರೀಶ್ರೀಯ ನೋವಾಗುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಇಬ್ಬರು ಕವಿಗಳನ್ನು ಇಷ್ಟು ಚಿಕ್ಕದಾಗಿ, ಇಬ್ಬರಿಗೂ ಅನ್ಯಾಯ ಆಗದ ಹಾಗೆ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಪುಸ್ತಕದ ಎಲ್ಲ ಕವಿತೆಯೂ ಮೆರವಣಿಗೆಯಲ್ಲ. 'ಋಕ್ಕುಲು' ನೋಡಿ. ಹೆಸರು ವೇದದ ಋಕ್ಕು. ಒಳಗೆ ಬರುವುದು 'ಕುಕ್ಕಪಿಲ್ಲ, ಅಗ್ಗಿಪುಲ್ಲ, ಸಬ್ಬುಬಿಲ್ಲ'. ನಾಯಿಮರಿ, ಬೆಂಕಿಕಡ್ಡಿ, ಸೋಪಿನ ಬಿಲ್ಲೆ. ಯಾವುದನ್ನೂ ಕೀಳಾಗಿ ನೋಡಬೇಡ, ಎಲ್ಲವೂ ಕವಿತೆಯೇ ಅನ್ನುತ್ತಾರೆ. ಆಮೇಲೆ ರೊಟ್ಟಿಚೂರು, ಬಾಳೆಹಣ್ಣಿನ ಸಿಪ್ಪೆ, ಮರದ ಹಲಗೆ. ಮಕ್ಕಳ ಆಟದ ಹಾಡಿನ ಹಾಗೆ ಕೇಳುತ್ತದೆ. ಆದರೆ ಏನು ಕವಿತೆಗೆ ತಕ್ಕದ್ದು, ಏನು ತಕ್ಕದ್ದಲ್ಲ ಅನ್ನುವ ಹಳೆಯ ಜಗಳವನ್ನು ಅಲ್ಲಿಗೇ ಮುಗಿಸುತ್ತದೆ. 'ದೇಶಚರಿತ್ರಲು' ಕವಿತೆಯಲ್ಲಿ ಕೇಳುವ ಪ್ರಶ್ನೆಯಂತೂ ತೆಲುಗರ ಮನೆಮಾತು: ತಾಜಮಹಲ್ ಕಟ್ಟಲು ಕಲ್ಲು ಹೊತ್ತ ಕೂಲಿಗಳು ಯಾರು? 'ಭಿಕ್ಷುವರ್ಷೀಯಸಿ'ಯಲ್ಲಿ ದಾರಿ ಪಕ್ಕದ ಮರದ ಕೆಳಗೆ ಕೂತ ಮುದುಕಿ, ಭಿಕ್ಷುಕಿ. ಅವಳು ಸತ್ತರೆ ಪಾಪ ಯಾರದು ಅಂತ ಹುಚ್ಚು ಗಾಳಿ ಕೇಳುತ್ತ ಹೋಗುತ್ತದೆ.

ಈಗ ಸಿನಿಮಾಕ್ಕೆ ಬರೋಣ. ಅದೇ 1950, 'ಮಹಾಪ್ರಸ್ಥಾನ' ಅಚ್ಚಾದ ವರ್ಷವೇ, ಶ್ರೀಶ್ರೀ 'ಆಹುತಿ' ಚಿತ್ರಕ್ಕೆ ಬರೆದರು. ಅದು 'ನೀರಾ ಔರ್ ನಂದಾ' ಎಂಬ ಹಿಂದಿ ಚಿತ್ರದ ತೆಲುಗು ರೂಪ. ತೆಲುಗಿನ ಮೊದಲ ಡಬ್ಬಿಂಗ್ ಚಿತ್ರ ಅದೇ. ಆಮೇಲೆ ಮದ್ರಾಸಿನಲ್ಲೇ ನೆಲೆಸಿ, ಎಷ್ಟೋ ಡಬ್ಬಿಂಗ್ ಚಿತ್ರಗಳಿಗೆ ಮಾತು, ಹಾಡು ಬರೆದರು. ಸಂಬಂಧಿಕರೇ ಆದ ಕವಿ ಆರುದ್ರ ಕೂಡ ಅದೇ ಊರಿನಲ್ಲಿ, ಅದೇ ಕೆಲಸದಲ್ಲಿ ಇದ್ದರು.

ಡಬ್ಬಿಂಗ್ ಹಾಡು ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ಇಲ್ಲದ್ದರಿಂದ ಈ ಕಸುಬು ನಮಗೆ ಅಷ್ಟಾಗಿ ಪರಿಚಯವಿಲ್ಲ. ಚಿತ್ರ ಮುಗಿದಿರುತ್ತದೆ. ರಾಗ ಮುಗಿದಿರುತ್ತದೆ. ನಟಿ ಬೇರೊಂದು ಭಾಷೆಯಲ್ಲಿ ತುಟಿ ಆಡಿಸಿ ಹೋಗಿರುತ್ತಾಳೆ. ನೀವು ಅದರ ಮೇಲೆ ತೆಲುಗು ಕೂರಿಸಬೇಕು. ತುಟಿ ಮುಚ್ಚುವ ಕಡೆ ಪ, ಬ, ಮ ಬರಬೇಕು. ಬಾಯಿ ದೊಡ್ಡದಾಗಿ ತೆರೆದು ನಿಂತಲ್ಲಿ 'ಆ'ಕಾರ ಬರಬೇಕು. ಮಾತ್ರೆ ಒಂದೂ ಹೆಚ್ಚುಕಡಿಮೆ ಆಗಬಾರದು. ಅರ್ಥವೂ ಕೆಡಬಾರದು, ಕೇಳುವವನಿಗೆ ಇದು ತೆಲುಗು ಹಾಡೇ ಅನ್ನಿಸಬೇಕು. ಮಾತ್ರೆಯ ಲೆಕ್ಕ ರಕ್ತದಲ್ಲಿ ಇರುವವನಿಗೆ ಮಾತ್ರ ಆಗುವ ಕೆಲಸ. ಶ್ರೀಶ್ರೀ ಬರೆದ ಡಬ್ಬಿಂಗ್ ಹಾಡೆಲ್ಲ ಚೆನ್ನಾಗಿವೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಹಾಡು ಆ ವಾರಕ್ಕೇ ಮುಗಿದುಹೋದವು. ಆದರೆ ಅಲ್ಲಿ ಆದ ಪಳಗಿಕೆ ನೇರ ತೆಲುಗು ಚಿತ್ರಗಳ ಒಳ್ಳೆಯ ಹಾಡುಗಳಲ್ಲಿ ಎದ್ದು ಕಾಣುತ್ತದೆ.

1961ರ 'ವೆಲುಗು ನೀಡಲು' ಚಿತ್ರದ 'ಪಾಡವೋಯಿ ಭಾರತೀಯುಡಾ' ತೆಗೆದುಕೊಳ್ಳಿ. ಸಂಗೀತ ಪೆಂಡ್ಯಾಲ. ಸ್ವಾತಂತ್ರ್ಯೋತ್ಸವದ ಹಾಡು. ಪಾಡ, ವೋಯಿ, ಭಾರ, ತೀಯು: ಮೂರು ಮೂರು ಮಾತ್ರೆ, ನಮ್ಮ ಉತ್ಸಾಹ ರಗಳೆಯ ಕುಣಿತ. ಮೊದಲು ಸಂಭ್ರಮ. ಅರ್ಧ ದಾರಿಯಲ್ಲಿ ಹಾಡು ತಿರುಗಿಕೊಳ್ಳುತ್ತದೆ. ಸ್ವಾತಂತ್ರ್ಯ ಬಂತು ಅಂತ ಸಭೆ ಮಾಡಿ ಕುಣಿದರೆ ಸಾಲದು ಅನ್ನುತ್ತದೆ. ಲಂಚ, ಕಾಳಸಂತೆ, ಸ್ವಾರ್ಥ ಎಲ್ಲ ಒಂದೊಂದೇ ಬರುತ್ತವೆ. ತಾಳ ಮಾತ್ರ ಬದಲಾಗುವುದಿಲ್ಲ! ಕುಣಿಯುವ ತಾಳದಲ್ಲೇ ಬೈಗುಳವನ್ನೂ ಕೇಳಿಸಿದ್ದಾರೆ. ಈ ಹಾಡನ್ನು ಪಠ್ಯಪುಸ್ತಕದ ಯಾವ ಕವಿತೆಯ ಪಕ್ಕದಲ್ಲಾದರೂ ಇಡಬಹುದು.

1974ರ 'ಅಲ್ಲೂರಿ ಸೀತಾರಾಮರಾಜು' ಚಿತ್ರದ 'ತೆಲುಗು ವೀರ ಲೇವರಾ' ಹಾಡಿನದೂ ಅದೇ ಮೂರು ಮಾತ್ರೆಯ ನಡೆ. ತೆಲುಗು, ವೀರ, ಲೇವ, ರಾ. ಗೀತರಚನೆಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ತೆಲುಗು ಹಾಡು ಇದು. ಬ್ರಿಟಿಷರ ವಿರುದ್ಧ ಆಂಧ್ರದ ಮನ್ಯ ಪ್ರದೇಶದ ಕಾಡಿನಲ್ಲಿ ಹೋರಾಡಿದ ಅಲ್ಲೂರಿಯ ಬಾಯಲ್ಲಿ ಬಂದದ್ದರಿಂದ, 'ಮಹಾಪ್ರಸ್ಥಾನ'ದ ಕವಿಗೆ ಇಲ್ಲಿ ಏನನ್ನೂ ತಗ್ಗಿಸಿ ಬರೆಯಬೇಕಾಗಿ ಬರಲಿಲ್ಲ.

ನಮಗೂ ತೆಲುಗರಿಗೂ ಇಲ್ಲೊಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ದೊಡ್ಡ ಕವಿಗಳು ಸಿನಿಮಾಕ್ಕೆ ಬಂದದ್ದು ಹೆಚ್ಚಾಗಿ ಆಗಲೇ ಬರೆದ ಕವಿತೆಯ ಮೂಲಕ. 'ಬೆಳ್ಳಿ ಮೋಡ'ದಲ್ಲಿ ಬೇಂದ್ರೆಯವರ 'ಮೂಡಲ ಮನೆಯ' ಹಾಗೆ ಬಂತು. ತೆಲುಗಿನಲ್ಲಿ ಕವಿಗಳೇ ಹಾರ್ಮೋನಿಯಂ ಪಕ್ಕ ಕೂತು ಬರೆದರು. ಕೃಷ್ಣಶಾಸ್ತ್ರಿ 1951ರ 'ಮಲ್ಲೀಶ್ವರಿ'ಗೆ ಬರೆದರು. ಆರುದ್ರ, ದಾಶರಥಿ ಬರೆದರು. ಮುಂದೆ ಜ್ಞಾನಪೀಠ ಪಡೆದ ಸಿ. ನಾರಾಯಣರೆಡ್ಡಿ 1962ರ 'ಗುಲೇಬಕಾವಳಿ ಕಥ'ಯಿಂದ ಶುರು ಮಾಡಿ ಸಾವಿರಗಟ್ಟಲೆ ಬರೆದರು. ಹೀಗಾಗಿ ತೆಲುಗಿನಲ್ಲಿ ಕವಿ ಯಾರು, ಚಿತ್ರಕವಿ ಯಾರು ಅಂತ ಗೆರೆ ಎಳೆಯಲು ಹೋದರೆ ಆ ಗೆರೆ ಒಬ್ಬೊಬ್ಬರ ಎದೆಯ ಮೇಲೇ ಹಾದುಹೋಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಮಾಡಬೇಕು. ಶ್ರೀಶ್ರೀ ಛಂದಸ್ಸನ್ನೇ ಒಡೆದುಹಾಕಿದರು ಅಂತಾರೆ. ಅವರ 'ಕವಿತಾ! ಓ ಕವಿತಾ!' ಕವಿತೆಯಲ್ಲಿ ವ್ಯಾಕರಣದ ಸಂಕೋಲೆ, ಛಂದಸ್ಸಿನ ಸರ್ಪದ ಅಪ್ಪುಗೆ ಅನ್ನುವ ಮಾತು ಬರುತ್ತದೆ, ನಿಜ. ಆದರೆ ಅದೇ ಮನುಷ್ಯ 'ಸಿರಿಸಿರಿಮುವ್ವಾ' ಅಂತ ಅಪ್ಪಟ ಕಂದ ಪದ್ಯಗಳ ಶತಕ ಬರೆದರು. ಪ್ರಾಸದ ಆಟ ಆಡಿದರು. ತೆಲುಗಿಗೆ ಲಿಮರಿಕ್ಕು, ಅಂದರೆ ಇಂಗ್ಲಿಷಿನ ಐದು ಸಾಲಿನ ತಮಾಷೆ ಪದ್ಯ, ತಂದರು. ಈ ಮೂರೂ ಸೇರಿದ ಪುಸ್ತಕಕ್ಕೆ ಮೂರರ ಮೊದಲ ಅಕ್ಷರ ಹಿಡಿದು 'ಸಿಪ್ರಾಲಿ' ಅಂತ ಹೆಸರು. ಅವರು ಬಿಟ್ಟದ್ದು ವೃತ್ತಗಳ ಬಿಗಿಯನ್ನು, ಲಯವನ್ನು ಯಾವತ್ತೂ ಬಿಟ್ಟವರಲ್ಲ.

ಕೊನೆಯ ಹಂತ ರಾಜಕೀಯದ್ದು. 1966ರ 'ಖಡ್ಗಸೃಷ್ಟಿ' ಸಂಕಲನಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1970ರಲ್ಲಿ ವಿಶಾಖಪಟ್ಟಣದಲ್ಲಿ ಅವರ ಷಷ್ಟಿಪೂರ್ತಿ ನಡೆಯಿತು. ಶ್ರೀಕಾಕುಳದ ರೈತ ಹೋರಾಟ ಕಾವೇರಿದ್ದ ಕಾಲ ಅದು. ಬರಹಗಾರರೇ, ನೀವು ಯಾವ ಕಡೆ ಅಂತ ವಿದ್ಯಾರ್ಥಿಗಳು ಕರಪತ್ರ ಹಂಚಿದರು. ಅದೇ ವರ್ಷ ಜುಲೈ 4ರಂದು ಹೈದರಾಬಾದಿನಲ್ಲಿ ಕ್ರಾಂತಿಕಾರಿ ಬರಹಗಾರರ ಸಂಘ 'ವಿಪ್ಲವ ರಚಯಿತಲ ಸಂಘಂ', ಚಿಕ್ಕದಾಗಿ 'ವಿರಸಂ', ಹುಟ್ಟಿತು. ಶ್ರೀಶ್ರೀ ಅದರ ಮೊದಲ ಅಧ್ಯಕ್ಷರು. ಕನ್ನಡದಲ್ಲಿ ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ 'ಖಡ್ಗವಾಗಲಿ ಕಾವ್ಯ' ಅಂದದ್ದನ್ನು ಬಲ್ಲವರಿಗೆ ಈ ಹವಾಮಾನ ಅಪರಿಚಿತವಲ್ಲ. ಸಿದ್ಧಲಿಂಗಯ್ಯನವರ ಹಾಡುಗಳನ್ನು ಸಭೆಯಲ್ಲಿ ಕೇಳಿದವರಿಗೆ ಶ್ರೀಶ್ರೀ ಬೇಗ ಹತ್ತಿರವಾಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಕೊನೆಯ ಹದಿನೈದು ವರ್ಷದ ಕವಿತೆಗಳಲ್ಲಿ ಮೊದಲಿನ ಬಿಗಿ ಕಡಿಮೆ. ಹೇಳಬೇಕಾದ ಮಾತು ಮುಂದೆ ಓಡುತ್ತದೆ, ಲಯ ಹಿಂದೆ ಉಳಿಯುತ್ತದೆ. 1983ರ ಜೂನ್ 15ರಂದು ಮದ್ರಾಸಿನಲ್ಲಿ ತೀರಿಕೊಂಡರು.

ನಿಮ್ಮ ಕೊನೆಯ ಪ್ರಶ್ನೆ, ಎಲ್ಲಿಂದ ಶುರು ಮಾಡುವುದು. ಓದುವ ಮೊದಲು ಕೇಳಿ. 1981ರಲ್ಲಿ ಲಂಡನ್ನಿನ ತೆಲುಗರು 'ಮಹಾಪ್ರಸ್ಥಾನ'ವನ್ನು ಶ್ರೀಶ್ರೀ ಅವರದೇ ಕೈಬರಹದಲ್ಲಿ ಅಚ್ಚು ಹಾಕಿ, ಜೊತೆಗೆ ಅವರೇ ಓದಿದ ಕ್ಯಾಸೆಟ್ ತಂದರು. ಆ ದನಿ ಸಿಕ್ಕರೆ ಬಿಡಬೇಡಿ. ನಟರ ಅಬ್ಬರ ಇಲ್ಲ, ಗಣ ಗಣವೂ ಬಿಡಿಯಾಗಿ ಕೇಳುತ್ತದೆ. ಮೊದಲು 'ಜಯಭೇರಿ', ಭಾಮಿನಿಯ ನಡೆ ಇರುವುದರಿಂದ ನಿಮ್ಮ ಕಿವಿಗೆ ಸುಲಭ. ಆಮೇಲೆ 'ಋಕ್ಕುಲು'. ಆಮೇಲೆ 'ಮಹಾಪ್ರಸ್ಥಾನ'. 'ಕವಿತಾ! ಓ ಕವಿತಾ!' ಸಂಸ್ಕೃತ ಪದ ಜಾಸ್ತಿ ಇರುವ ದೊಡ್ಡ ಕವಿತೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಲಿಪಿಗೆ ಹೆದರಬೇಡಿ. ಕನ್ನಡ ಓದುವವರಿಗೆ ತೆಲುಗಿನಲ್ಲಿ ಬೇರೆಯಾಗಿ ಕಾಣುವುದು ತಲೆಕಟ್ಟು ಮತ್ತು ಕೆಲವೇ ಅಕ್ಷರಗಳು. ಬಳ್ಳಾರಿಯಲ್ಲಿ ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರ್ ಓದುತ್ತ ಓದುತ್ತ ಕೆಲವು ವಾರದಲ್ಲೇ ಕೈಗೆ ಬರುತ್ತದೆ. ಅಲ್ಲಿಯವರೆಗೆ ಕವಿತೆಯನ್ನು ಯಾರಿಂದಾದರೂ ಓದಿಸಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಪ್ರತಿ ಸಾಲಿಗೂ ಲಘು ಗುರು ಹಾಕಿ ನೋಡಿ.